ಸಂಘದ ಮನೆಯ ಬೀಗ: ಹಳೆಯ ನಂಬರು ಏಕೆ ರದ್ದಾಗುತ್ತಿದೆ



ಸೇಲಂನಲ್ಲಿರುವ ನಮ್ಮ ಸಂಘದ ಮನೆಗೆ ನಂಬರು ಒತ್ತಿ ತೆರೆಯುವ ಎಲೆಕ್ಟ್ರಾನಿಕ್ ಬೀಗ ಹಾಕಿಸಿ ಎರಡು ವರ್ಷವಾಯಿತು. ಹೊಸೂರು, ಧರ್ಮಪುರಿ, ಪಾಲಕ್ಕೋಡು, ಮೆಟ್ಟೂರು ಕಡೆಯಿಂದ ಬರುವವರು ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಬಿಸಿಲಲ್ಲಿ ಬೀದಿ ಸುತ್ತಬಾರದು ಎಂಬುದಷ್ಟೇ ಉದ್ದೇಶವಾಗಿತ್ತು. ಅದು ಈಡೇರಿತು. ಆದರೆ ಕಳೆದ ರಾಜ್ಯೋತ್ಸವಕ್ಕೆ ಒಂದು ವಾರ ಮುಂಚೆ ನಡೆದ ಪ್ರಸಂಗದಿಂದ, ಈ ಬೀಗವನ್ನು ನಾವು ಎಷ್ಟು ಉಡಾಫೆಯಿಂದ ಬಳಸುತ್ತಿದ್ದೆವು ಎಂದು ಗೊತ್ತಾಯಿತು. ಹೆಚ್ಚಿನ ತಪ್ಪು ನನ್ನದೇ ಆದ್ದರಿಂದ ವಿವರಣೆಯನ್ನೂ ನಾನೇ ಬರೆಯುತ್ತಿದ್ದೇನೆ.

ಮೈಕ್ ಸೆಟ್ಟಿನ ಆಂಪ್ಲಿಫೈಯರ್ ಉಗ್ರಾಣದಲ್ಲಿ ಕಾಣಲಿಲ್ಲ. ಬಾಗಿಲು ಮುರಿದಿರಲಿಲ್ಲ. ಸಮಿತಿಯವರು ಆಡಿದ ಮಾತೆಲ್ಲ ಸುತ್ತಿ ಸುತ್ತಿ ದಿನವೂ ಬಂದು ಕಸ ಗುಡಿಸುವ ಅಮ್ಮನ ಬಳಿಗೇ ಹೋಯಿತು. ನಾನೂ ಆಕೆಯನ್ನು ಕರೆದು ವಿಚಾರಿಸಿದೆ. ಆಕೆ ತಮಿಳಿನಲ್ಲಿ ಕೇಳಿದ್ದು ಒಂದೇ ಮಾತು: ಆ ನಂಬರು ಎಷ್ಟು ಜನಕ್ಕೆ ಗೊತ್ತು ಸಾರ್? ರಾತ್ರಿ ಕುಳಿತು ಲೆಕ್ಕ ಹಾಕಿದೆ. ಪಕ್ಕಾ ಗೊತ್ತಿದ್ದವರೇ ನಲವತ್ತೊಂದು ಮಂದಿ. ಅದರ ಮೇಲೆ, ಹಿಂದಿನ ಯುಗಾದಿಗೆ ಅಡುಗೆಯವರಿಗೆ ತಿಳಿಯಲೆಂದು ವಾಟ್ಸಾಪ್ ಗುಂಪಿನಲ್ಲಿ ನಂಬರು ಹಾಕಿದ್ದವನು ನಾನೇ.

ಮೂರನೆಯ ದಿನ ಸಂಗತಿ ಬಯಲಾಯಿತು. ಸಮಿತಿಯ ಸದಸ್ಯರೊಬ್ಬರು ಆಂಪ್ಲಿಫೈಯರನ್ನು ರಿಪೇರಿಗೆ ಕೊಟ್ಟು, ಹೇಳಲು ಮರೆತು, ಮದುವೆಗೆಂದು ಬೆಂಗಳೂರಿಗೆ ಹೋಗಿದ್ದರು. ಆ ಅಮ್ಮ ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ನಾನು ಮನೆಗೆ ಹೋಗಿ ಕ್ಷಮೆ ಕೇಳಿದ ಮೇಲೆ ಬಂದರು.

ಈ ಬೀಗ ಪ್ರತಿ ಸಲ ತೆರೆದಾಗಲೂ ದಿನಾಂಕ, ಗಂಟೆ ಮತ್ತು ಯಾವ ನಂಬರಿನಿಂದ ತೆರೆಯಿತು ಎಂಬುದನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಮೊಬೈಲಿನಲ್ಲಿ ಅದನ್ನು ನೋಡಬಹುದು. ನೋಡಿದೆವು. ಎಲ್ಲ ಸಾಲಿನಲ್ಲೂ ಒಂದೇ ನಂಬರು! ನೂರು ಜನರ ಹಾಜರಿ ಪುಸ್ತಕದಲ್ಲಿ ಎಲ್ಲರೂ ಒಂದೇ ಹೆಸರು ಬರೆದಂತೆ. ಹೀಗಾದಾಗ ಅನುಮಾನ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ದಾಖಲೆ ಬೇಕಾಗಿಲ್ಲ. ಎದುರು ಮಾತಾಡಲಾಗದವರ ಮೇಲೆ ಬೀಳುತ್ತದೆ.

ಆ ನಂಬರಾದರೂ ಏನು? 011156. ಮೈಸೂರು ರಾಜ್ಯ ಏಕೀಕರಣವಾದ ದಿನ, 1956ರ ನವೆಂಬರ್ 1. ಅಭಿಮಾನ ಸರಿ, ಆದರೆ ಕನ್ನಡ ಸಂಘದ ಬಾಗಿಲ ಮುಂದೆ ನಿಂತ ಯಾವ ಕನ್ನಡಿಗನಾದರೂ ಮೂರನೆಯ ಪ್ರಯತ್ನದೊಳಗೆ ಅದನ್ನೇ ಒತ್ತುತ್ತಾನೆ. ಆರು ಅಂಕಿಗಳಲ್ಲಿ ಹತ್ತು ಲಕ್ಷ ನಂಬರು ಮಾಡಬಹುದು, ನಾಲ್ಕು ಅಂಕಿಗಳಲ್ಲಿ ಹತ್ತು ಸಾವಿರ. ಆದರೆ ಈ ಲೆಕ್ಕ ಊಹಿಸಲಾಗದ ನಂಬರು ಇಟ್ಟರೆ ಮಾತ್ರ. ಇನ್ನೊಂದು ಸೂಕ್ಷ್ಮವಿದೆ. ವರ್ಷಗಟ್ಟಲೆ ಒಂದೇ ನಂಬರು ಒತ್ತಿದರೆ ಆ ಗುಂಡಿಗಳು ಮಾತ್ರ ಸವೆದು ಹೊಳೆಯುತ್ತವೆ. ಬೇರೆ ಬೇರೆ ನಾಲ್ಕು ಅಂಕಿಗಳ ನಂಬರಿನಲ್ಲಿ ಆ ನಾಲ್ಕು ಯಾವುವೆಂದು ತಿಳಿದರೆ ಸಾಕು, ಉಳಿಯುವುದು 24 ಜೋಡಣೆ ಮಾತ್ರ. ನಮ್ಮ ಬಾಗಿಲಲ್ಲಿ 0, 1, 5, 6 ಆಗಲೇ ಮಸುಕಾಗಿವೆ.

ಇನ್ನು ಮಾಸ್ಟರ್ ಕೋಡ್ ವಿಚಾರ. ಅನೇಕರು ಅದನ್ನು ದೊಡ್ಡ ಬೀಗದ ಕೈ ಎಂದುಕೊಂಡಿದ್ದಾರೆ. ನಿಜವಾಗಿ ಅದು ಬೀಗದ ಕೈ ಮಾಡುವ ಅಧಿಕಾರ. ಯಾರಿಗೆ ನಂಬರು ಕೊಡಬೇಕು, ಯಾರದನ್ನು ಅಳಿಸಬೇಕು ಎಂಬುದೆಲ್ಲ ಅದರಿಂದಲೇ. ಕಾರ್ಖಾನೆಯಿಂದ ಬರುವಾಗ ಒಂದು ಮಾದರಿಯ ಬೀಗಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಮಾಸ್ಟರ್ ಕೋಡ್ ಇರುತ್ತದೆ, ಕೈಪಿಡಿಯಲ್ಲಿ ಅಚ್ಚಾಗಿಯೂ ಇರುತ್ತದೆ. ಬೀಗ ಕೂಡಿಸಿದ ದಿನವೇ ಅದನ್ನು ಬದಲಿಸಬೇಕು. ನಾವು ಎರಡು ವರ್ಷ ಬದಲಿಸಿರಲಿಲ್ಲ.

ನಾನು ಗುಮಾಸ್ತನಾಗಿದ್ದ ಕಾಲದಲ್ಲಿ ಖಜಾನೆಯ ಪೆಟ್ಟಿಗೆಗೆ ಡಬಲ್ ಲಾಕ್ ಇರುತ್ತಿತ್ತು. ಒಂದು ಬೀಗದ ಕೈ ಅಧಿಕಾರಿಯ ಹತ್ತಿರ, ಇನ್ನೊಂದು ನಗದು ನೋಡುವವರ ಹತ್ತಿರ. ಇಬ್ಬರೂ ನಿಂತರೇ ತೆರೆಯುವುದು. ಬ್ಯಾಂಕ್ ಲಾಕರಿನದೂ ಅದೇ ರೀತಿ: ಮೊದಲು ಬ್ಯಾಂಕಿನವರ ಕೈ, ಆಮೇಲೆ ನಮ್ಮ ಕೈ. ರಿಸರ್ವ್ ಬ್ಯಾಂಕಿನ ಹೊಸ ನಿಯಮದಂತೆ 2022ರ ಜನವರಿ 1ರಿಂದ ಲಾಕರ್ ತೆರೆದ ದಿನವೇ ಗ್ರಾಹಕರಿಗೆ ಎಸ್ಸೆಮ್ಮೆಸ್, ಇಮೇಲ್ ಮೂಲಕ ತಿಳಿಸಬೇಕು. ಯಂತ್ರ ಹೊಸದಾಗಿರಬಹುದು, ಲೆಕ್ಕಾಚಾರ ಹಳೆಯದೇ.

ಹಾಗಾಗಿ ನಮ್ಮ ಹೊಸ ಮಾಸ್ಟರ್ ಕೋಡಿನ ಮೊದಲ ಮೂರು ಅಂಕಿ ಅಧ್ಯಕ್ಷರಿಗೆ, ಕೊನೆಯ ಮೂರು ಖಜಾಂಚಿಗಳಿಗೆ ಮಾತ್ರ ಗೊತ್ತು. ಕಾರ್ಯದರ್ಶಿಯಾದ ನನಗೆ ಗೊತ್ತಿಲ್ಲ. ಇದರಿಂದ ಅನನುಕೂಲವಿಲ್ಲವೇ ಎಂದು ಕೆಲವರು ಕೇಳಿದರು. ಇದೆ, ಇರಲೆಂದೇ ಹೀಗೆ ಮಾಡಿದ್ದೇವೆ. ಪೂರ್ತಿ ನಂಬರು ಅರಗಿನ ಮೊಹರು ಹಾಕಿದ ಲಕೋಟೆಯಲ್ಲಿ ಸಂಘದ ಬ್ಯಾಂಕ್ ಲಾಕರಿನಲ್ಲಿದೆ. ಬೀಗವನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸಿದರೆ ಎಲ್ಲರ ನಂಬರೂ ಅಳಿಸಿಹೋಗುತ್ತದೆ, ಆ ಪಾಡು ಬೇಡ.

ನಂಬರಿನ ಬದಲು ಕಾರ್ಡ್ ಇಡೋಣ ಎಂಬ ಸಲಹೆಯೂ ಬಂತು. ಅಗ್ಗದ ಕಾರ್ಡುಗಳನ್ನು ನಕಲು ಮಾಡುವುದು ಸುಲಭ. ದೊಡ್ಡ ಹೋಟೆಲುಗಳ ಕಾರ್ಡ್ ಬೀಗಗಳಲ್ಲೇ ಲೋಪವಿತ್ತು. ಅವಧಿ ಮುಗಿದ ಒಂದು ಹಳೆಯ ಕಾರ್ಡಿನಿಂದ ಇಡೀ ಹೋಟೆಲಿನ ಮಾಸ್ಟರ್ ಕೀ ತಯಾರಿಸಬಹುದೆಂದು 2018ರಲ್ಲಿ ಫಿನ್‌ಲೆಂಡಿನ ಸಂಶೋಧಕರು ತೋರಿಸಿಕೊಟ್ಟರು. ಸದ್ಯಕ್ಕೆ ನಮಗೆ ನಂಬರೇ ಸಾಕು.

ಬ್ಯಾಟರಿಯ ಬಗ್ಗೆ ಬಹಳ ಮಂದಿ ಕೇಳಿದ್ದರಿಂದ ಒಂದು ಮಾತು. ಕರೆಂಟ್ ಹೋದರೆ ನಮ್ಮ ಬೀಗಕ್ಕೆ ಏನೂ ಆಗದು, ಅದು ನಾಲ್ಕು ಸಣ್ಣ ಸೆಲ್ಲುಗಳ ಮೇಲೆ ನಡೆಯುತ್ತದೆ. ಸೆಲ್ ಇಳಿಯುತ್ತಾ ಬಂದಾಗ ಕೀಂ ಕೀಂ ಎನ್ನುತ್ತದೆ. ಯಾರು ಕೇಳಿಸಿಕೊಂಡರೂ ನನಗೆ ಫೋನ್ ಮಾಡಿ. ಪೂರ್ತಿ ಇಳಿದರೆ ಹೊರಗಿನಿಂದಲೇ ಪವರ್ ಬ್ಯಾಂಕ್ ತಗುಲಿಸಿ ತೆರೆಯಬಹುದು, ನಂಬರುಗಳು ಅಳಿಯುವುದಿಲ್ಲ. ಮುಚ್ಚಳದ ಕೆಳಗೆ ಮಾಮೂಲಿ ಬೀಗದ ಕೈ ಹಾಕುವ ಕಿಂಡಿಯೂ ಇದೆ. ಆ ಕೈಯನ್ನು ನಾವು ಇಟ್ಟಿದ್ದೆಲ್ಲಿ? ಅದೇ ಬಾಗಿಲಿನ ಒಳಗೆ, ಆಫೀಸಿನ ಬೀರುವಿನಲ್ಲಿ! ಈಗ ಅದು ಖಜಾಂಚಿಗಳ ಮನೆಯಲ್ಲಿದೆ. ಒಳಗಿನಿಂದ ಹೊರಬರಲು ಯಾವ ನಂಬರೂ ಬೇಡ, ಹಿಡಿ ತಿರುಗಿಸಿದರೆ ಸಾಕು. ಮಕ್ಕಳು ಸೇರುವ ಜಾಗದಲ್ಲಿ ಇದನ್ನು ಎಂದಿಗೂ ಬದಲಿಸಕೂಡದು.

ಇನ್ನು ಮುಂದೆ ಒಬ್ಬೊಬ್ಬರಿಗೆ ಒಂದೊಂದು ನಂಬರು. ಭಾನುವಾರದ ಕನ್ನಡ ತರಗತಿಯ ಶಿಕ್ಷಕಿಯರ ನಂಬರು ಭಾನುವಾರ ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ ಮಾತ್ರ ನಡೆಯುತ್ತದೆ. ಹೊರ ಊರಿನಿಂದ ಬಂದು ತಂಗುವವರಿಗೆ ತಂಗುವ ದಿನಗಳಿಗಷ್ಟೇ. ಸಮಿತಿಯಿಂದ ಇಳಿದವರು ಚಾರ್ಜ್ ವಹಿಸಿಕೊಡುವ ದಿನವೇ ಅವರ ನಂಬರು ಅಳಿಸಿ ನಡಾವಳಿ ಪುಸ್ತಕದಲ್ಲಿ ಬರೆಯಲಾಗುವುದು. ಅದನ್ನು ಅವಮಾನವೆಂದು ಯಾರೂ ತಿಳಿಯಬೇಡಿ, ನನಗೂ ಅದೇ ನಿಯಮ. ರಿಜಿಸ್ಟರಿನಲ್ಲಿ ಯಾರ ನಂಬರನ್ನೂ ಬರೆಯುವುದಿಲ್ಲ. ಹೆಸರು, ಕೊಟ್ಟ ದಿನ, ಸಹಿ ಇಷ್ಟೇ. ಮೊದಲ ಸಹಿ ಕಸ ಗುಡಿಸುವ ಅಮ್ಮನದು.

ಹಳೆಯ ನಂಬರು ಈ ತಿಂಗಳ ಕೊನೆಯ ರಾತ್ರಿಯಿಂದ ನಡೆಯುವುದಿಲ್ಲ. ಬೇಕಾದವರು ಬರುವ ಎರಡು ಭಾನುವಾರ ಬೆಳಿಗ್ಗೆ 10ರಿಂದ 12ರೊಳಗೆ ಬಂದು ತಮ್ಮ ನಂಬರನ್ನು ತಾವೇ ಒತ್ತಿ ನೋಂದಾಯಿಸಿಕೊಳ್ಳಬೇಕು. ಅಧ್ಯಕ್ಷರೂ ಖಜಾಂಚಿಗಳೂ ಇರುತ್ತಾರೆ. ಹುಟ್ಟಿದ ದಿನಾಂಕ, ಗಾಡಿಯ ನಂಬರು ಬೇಡ. ರಾಜ್ಯೋತ್ಸವದ ದಿನಾಂಕವಂತೂ ಬೇಡವೇ ಬೇಡ. ಕನ್ನಡಕ ಮರೆಯದೆ ತನ್ನಿ, ಗುಂಡಿಗಳ ಮೇಲಿನ ಅಂಕಿ ಬಲು ಸಣ್ಣದು.

— ಕಾರ್ಯದರ್ಶಿ