ಉಗಿಬಂಡಿಯ ಬೆಂಕಿಗೆ ಗಾಳಿ ಒದಗಿದ ಬಗೆ

ಉಗಿಬಂಡಿಯ ಸಾಮರ್ಥ್ಯವನ್ನು ಕೊನೆಗೂ ನಿರ್ಧರಿಸುವುದು ಅದರ ಬಾಯ್ಲರು ಎಡೆಬಿಡದೆ ಎಷ್ಟು ಉಗಿಯನ್ನು ಒದಗಿಸಬಲ್ಲದು ಎಂಬುದು. ಕಾರ್ಖಾನೆಯ ಬಾಯ್ಲರನ್ನು ಬೇಕಾದಷ್ಟು ದೊಡ್ಡದಾಗಿ ಕಟ್ಟಿ, ಎತ್ತರದ ಚಿಮಣಿಯ ಸೆಳೆತದಿಂದ ಬೆಂಕಿಗೆ ಗಾಳಿ ಒದಗಿಸಬಹುದು; ಓಡುವ ಬಾಯ್ಲರಾದರೋ ಹಳಿ ತಾಳುವಷ್ಟೇ ಭಾರವಾಗಿ, ಸೇತುವೆಯ ಅಡಿಯಲ್ಲಿ ಹಾಯುವಷ್ಟೇ ಎತ್ತರವಾಗಿ ಇರಬೇಕು. ಈ ತೊಡಕನ್ನು ಬಿಡಿಸುವ ದಾರಿಯನ್ನು 1829ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ರೇನ್‌ಹಿಲ್‌ ಸ್ಪರ್ಧೆಯಲ್ಲಿ ಗೆದ್ದ ‘ರಾಕೆಟ್’ ತೋರಿಸಿಕೊಟ್ಟಿತು. ಅದು ಜಾರ್ಜ್ ಸ್ಟೀಫನ್‌ಸನ್, ಅವರ ಮಗ ರಾಬರ್ಟ್ ಮತ್ತು ಹೆನ್ರಿ ಬೂತ್ ಸೇರಿ ಸ್ಪರ್ಧೆಗೆ ಇಳಿಸಿದ ಎಂಜಿನ್.

ಅದಕ್ಕೆ ಮೊದಲಿನ ಹೆಚ್ಚಿನ ಎಂಜಿನ್ನುಗಳಲ್ಲಿ ಬೆಂಕಿಯ ಬಿಸಿ ಅನಿಲವು ನೀರಿನ ನಡುವಿನ ಒಂದೇ ದಪ್ಪ ಕೊಳವೆಯಲ್ಲಿ ಹಾಯ್ದು ಹೋಗುತ್ತಿದ್ದುದರಿಂದ, ಶಾಖದ ಬಹುಪಾಲು ನೀರಿಗೆ ತಾಗದೆ ಚಿಮಣಿಯ ಪಾಲಾಗುತ್ತಿತ್ತು. ರಾಕೆಟ್‌ನಲ್ಲಿ ಸುಮಾರು 76 ಮಿಲಿಮೀಟರ್ ವ್ಯಾಸದ 25 ತಾಮ್ರದ ಕೊಳವೆಗಳಿದ್ದವು. ಇವೆಲ್ಲದರ ಬಾಯಿಯ ಒಟ್ಟು ವಿಸ್ತೀರ್ಣವನ್ನು ಒಂದೇ ಕೊಳವೆಗೆ ಕೊಟ್ಟರೆ ಅದರ ವ್ಯಾಸ ಸುಮಾರು 38 ಸೆಂಟಿಮೀಟರ್ ಆಗುತ್ತದೆ; ಆದರೆ ನೀರಿಗೆ ಶಾಖ ದಾಟಿಸುವ ಮೇಲ್ಮೈ, ಅಷ್ಟೇ ಉದ್ದದಲ್ಲಿ, ಐದರಲ್ಲೊಂದು ಪಾಲಿಗೆ ಇಳಿಯುತ್ತದೆ.

ಸಣ್ಣ ಕೊಳವೆಗಳು ಅನಿಲದ ಹರಿವಿಗೆ ಅಡ್ಡಿಯಾಗುವುದರಿಂದ ಬಲವಾದ ಸೆಳೆತವೂ ಬೇಕಾಯಿತು. ಅದಕ್ಕಾಗಿ, ಪಿಸ್ಟನ್ನನ್ನು ತಳ್ಳಿ ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯೊಳಗೆ ಮೇಲ್ಮುಖವಾಗಿ ಚಿಮ್ಮಿಸುವ ಕೊಳವೆಯನ್ನು ಅಳವಡಿಸಲಾಯಿತು. ಅಡುಗೆಮನೆಯ ಊದುಗೊಳವೆ ಗಾಳಿಯನ್ನು ಬೆಂಕಿಯೊಳಕ್ಕೆ ತಳ್ಳಿದರೆ, ಇಲ್ಲಿ ಉಗಿಯ ಚಿಮ್ಮು ಹೊಗೆಯನ್ನು ತನ್ನೊಡನೆ ಎಳೆದೊಯ್ದು, ತೆರವಾದ ಜಾಗಕ್ಕೆ ಕೆಳಗಿನ ಜಾಲರಿಯ ಮೂಲಕ ಹೊಸ ಗಾಳಿ ನುಗ್ಗುವಂತೆ ಮಾಡುತ್ತದೆ. ಎಂಜಿನ್ ಹೆಚ್ಚು ದುಡಿದಷ್ಟೂ ಹೊರಬೀಳುವ ಉಗಿ ಹೆಚ್ಚಿ, ಬೆಂಕಿ ಪ್ರಖರವಾಗಿ, ಹೊಸ ಉಗಿಯೂ ಹೆಚ್ಚು ಹುಟ್ಟುತ್ತದೆ. ಬೇಡಿಕೆಯೇ ಪೂರೈಕೆಯನ್ನು ನಿಯಂತ್ರಿಸುವ ಈ ಏರ್ಪಾಡಿಗೆ ಪ್ರತ್ಯೇಕ ಯಂತ್ರದ ಅಗತ್ಯವೇ ಇಲ್ಲ. ಎರಡು ಸಿಲಿಂಡರುಗಳಲ್ಲಿಯೂ ಉಗಿಯು ಪಿಸ್ಟನ್ನಿನ ಎರಡು ಬದಿಯಿಂದ ಸರದಿಯಲ್ಲಿ ತಳ್ಳುವುದರಿಂದ, ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ಉಗಿ ಚಿಮ್ಮುತ್ತದೆ. ಉಗಿಬಂಡಿಯ ‘ಚುಕುಬುಕು’ ಸದ್ದು ಇದೇ.

ಈ ಎರಡು ಅಂಶಗಳು ಜೊತೆಗೂಡಬೇಕೆಂಬುದಕ್ಕೆ ಅದೇ ಸ್ಪರ್ಧೆಯಲ್ಲಿದ್ದ ತಿಮೊತಿ ಹ್ಯಾಕ್‌ವರ್ತ್ ಅವರ ‘ಸಾನ್ ಪಾರೇಯ್’ ನಿದರ್ಶನ: ಅದರ ಉಗಿಚಿಮ್ಮು ಪ್ರಬಲವಾಗಿದ್ದರೂ, ಇದ್ದುದು ಹಿಂತಿರುಗಿ ಬರುವ ಒಂದೇ ದೊಡ್ಡ ಕೊಳವೆಯಾದ್ದರಿಂದ, ಪೂರ್ತಿ ಉರಿಯದ ಕೋಕ್ ಚೂರುಗಳು ಚಿಮಣಿಯಿಂದ ಹಾರಿಹೋಗುತ್ತಿದ್ದವು.

ಚಿಮ್ಮುಬಾಯಿಯನ್ನು ಕಿರಿದುಮಾಡಿದರೆ ಸೆಳೆತ ಹೆಚ್ಚುತ್ತದೆ, ಆದರೆ ಹೊರಹೋಗಲು ಹೆಣಗುವ ಉಗಿ ಪಿಸ್ಟನ್ನನ್ನೇ ಹಿಂದಕ್ಕೆ ಒತ್ತುತ್ತದೆ. ಕಡಿಮೆ ಹಿನ್ನೊತ್ತಡದಲ್ಲಿ ಹೆಚ್ಚು ಸೆಳೆತ ಪಡೆಯುವ ಈ ಪ್ರಯತ್ನ ನೂರು ವರ್ಷಕ್ಕೂ ಮೀರಿ ಸಾಗಿತು. 1938ರಲ್ಲಿ ಗಂಟೆಗೆ ಸುಮಾರು 203 ಕಿಲೋಮೀಟರ್ ವೇಗದ ದಾಖಲೆ ಮಾಡಿದ ಬ್ರಿಟನ್ನಿನ ‘ಮ್ಯಾಲರ್ಡ್’ ಎಂಜಿನ್ನಿನಲ್ಲಿ, ಫ್ರಾನ್ಸಿನ ಆಂದ್ರೆ ಶಾಪಲೋನ್ ಅಭಿವೃದ್ಧಿಪಡಿಸಿದ ಜೋಡಿ ಚಿಮ್ಮುಕೊಳವೆಯ ವ್ಯವಸ್ಥೆಯಿತ್ತು.