ಬಡಾವಣೆಯ ಆಭರಣ ಮಳಿಗೆ: ಸೇವೆಗೂ ದಾಖಲೆ ಇರಲಿ

ಚಿನ್ನಾಭರಣ ವ್ಯಾಪಾರದಲ್ಲಿ ದೊಡ್ಡ ಸಂಸ್ಥೆಗಳ ಸರಣಿ ಮಳಿಗೆಗಳು ಮಹಾನಗರಗಳನ್ನು ದಾಟಿ ಸಣ್ಣ ಊರುಗಳನ್ನೂ ತಲುಪಿವೆ. ಜಾಹೀರಾತು, ದಾಸ್ತಾನು ಹಾಗೂ ವಿನ್ಯಾಸಗಳ ವೈವಿಧ್ಯದಲ್ಲಿ ಬಡಾವಣೆಯ ಸ್ವತಂತ್ರ ವರ್ತಕನು ಅವುಗಳಿಗೆ ಸರಿಸಾಟಿಯಾಗಲಾರನು. ಆದರೂ ಕರಿಮಣಿ ಸರ ಪೋಣಿಸಲು, ಕಡಿದ ಕೊಂಡಿ ಬೆಸೆಯಲು, ಓಲೆಯ ತಿರುಪು ಬದಲಿಸಲು, ಮಗುವಿನ ಕಿವಿ ಚುಚ್ಚಿಸಲು ನೆರೆಹೊರೆಯವರು ಬರುವುದು ಅವನ ಅಂಗಡಿಗೇ. ಈ ಕೆಲಸಗಳಿಂದ ದೊರೆಯುವ ಆದಾಯ ಅಲ್ಪ. ಆದರೆ ಮದುವೆಯ ಒಡವೆಗಳಿಗೆ ಅದೇ ಕುಟುಂಬವನ್ನು ಮರಳಿ ಕರೆತರುವುದು ಇವುಗಳಿಂದ ಬೆಳೆದ ವಿಶ್ವಾಸ. ಅನೇಕ ಮಳಿಗೆಗಳಲ್ಲಿ ಈ ವಿಶ್ವಾಸವು ಬಾಯಿಮಾತಿನಲ್ಲಿಯೇ ಉಳಿದಿದೆ. ಕಾನೂನಾದರೋ ಕಾಗದವನ್ನು ಕೇಳುತ್ತದೆ.

ದುರಸ್ತಿಗೆ ಬಂದ ಒಡವೆ

ಗ್ರಾಹಕರು ದುರಸ್ತಿಗೆಂದು ಬಿಟ್ಟುಹೋದ ಒಡವೆ ವರ್ತಕನ ದಾಸ್ತಾನಲ್ಲ. ಅದು ಅವನಲ್ಲಿರಿಸಿದ ನಂಬಿಕೆಯ ವಸ್ತು. ರಸೀದಿಯಿಲ್ಲದಿದ್ದಲ್ಲಿ, ತೆರಿಗೆ ಅಧಿಕಾರಿಗಳ ತಪಾಸಣೆಯ ವೇಳೆ ಅದೇ ಒಡವೆ ಲೆಕ್ಕಕ್ಕೆ ಸಿಗದ ಹೆಚ್ಚುವರಿ ದಾಸ್ತಾನಾಗಿ ಕಾಣುತ್ತದೆ. ಆಭರಣ ವರ್ತಕರ ವಿಮಾ ಪಾಲಿಸಿಗಳಲ್ಲಿ ಗ್ರಾಹಕರ ವಸ್ತುಗಳನ್ನೂ ಒಳಪಡಿಸಲು ಅವಕಾಶವಿದೆ. ಆದರೆ ಕಳವಾದಾಗ, ದಾಖಲೆಯಿಲ್ಲದ ಒಡವೆಯ ತೂಕವನ್ನಾಗಲಿ ಮೌಲ್ಯವನ್ನಾಗಲಿ ಸಿದ್ಧಪಡಿಸುವುದು ಕಷ್ಟಸಾಧ್ಯ. ಕ್ರಮಸಂಖ್ಯೆಯುಳ್ಳ ರಸೀದಿಯಲ್ಲಿ ತೂಕ, ಶುದ್ಧತೆ, ಹರಳುಗಳ ಸಂಖ್ಯೆ, ಹಾಲ್‌ಮಾರ್ಕ್ ಗುರುತು ಹಾಗೂ ಮಾಡಬೇಕಾದ ಕೆಲಸವನ್ನು ನಮೂದಿಸಿ ಸಹಿ ಪಡೆಯುವುದು ಎರಡು ನಿಮಿಷದ ಕೆಲಸ.

ಹಳೆಯ ಚಿನ್ನದ ವಿನಿಮಯ

ಹೆಚ್ಚಿನ ಗೊಂದಲವಿರುವುದು ಇಲ್ಲಿ. ಉದಾಹರಣೆಗೆ, ಹೊಸ ಸರದ ಬೆಲೆ ರೂ. 1,50,000 ಹಾಗೂ ಹಳೆಯ ಚಿನ್ನದ ಬೆಲೆ ರೂ. 90,000 ಎಂದಿಟ್ಟುಕೊಳ್ಳೋಣ. ಉಳಿದ ರೂ. 60,000ಕ್ಕೆ ಮಾತ್ರ ಶೇ. 3ರ ಜಿಎಸ್‌ಟಿ ಹಾಕಿದರೆ ತೆರಿಗೆ ರೂ. 1,800 ಆಗುತ್ತದೆ. ಆದರೆ ತೆರಿಗೆಯನ್ನು ಹೊಸ ಸರದ ಪೂರ್ಣ ಬೆಲೆಯ ಮೇಲೆ ವಿಧಿಸತಕ್ಕದ್ದು, ಅದು ರೂ. 4,500. ವ್ಯತ್ಯಾಸವಾದ ರೂ. 2,700 ಮುಂದೊಂದು ದಿನ ಬಡ್ಡಿ, ದಂಡಗಳೊಡನೆ ವರ್ತಕನ ಕೈಯಿಂದಲೇ ಹೋಗುತ್ತದೆ.

ಗೃಹಸ್ಥರು ತಮ್ಮ ಹಳೆಯ ಒಡವೆ ಮಾರಿದಾಗ ಖರೀದಿಸಿದ ವರ್ತಕನು ಪ್ರತ್ಯಾವರ್ತ ತೆರಿಗೆ ಕಟ್ಟಬೇಕಿಲ್ಲವೆಂದು 2017ರ ಜುಲೈನಲ್ಲಿಯೇ ಸರ್ಕಾರ ಸ್ಪಷ್ಟಪಡಿಸಿದೆ. ಆದರೆ ಇಂತಹ ಖರೀದಿಗೆ ಒಬ್ಬರಿಗೆ ಒಂದೇ ದಿನ ರೂ. 10,000 ಮೀರಿ ನಗದು ಪಾವತಿಸಿದರೆ ಆದಾಯ ತೆರಿಗೆಯಲ್ಲಿ ಆ ವೆಚ್ಚವನ್ನು ಸಾಮಾನ್ಯವಾಗಿ ಮಾನ್ಯ ಮಾಡುವುದಿಲ್ಲ. ಮಾರಾಟದಲ್ಲಿ ರೂ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಸ್ವೀಕರಿಸುವುದನ್ನು 2017ರ ಏಪ್ರಿಲ್ 1ರಿಂದಲೇ ನಿಷೇಧಿಸಲಾಗಿದೆ.

ಹಾಲ್‌ಮಾರ್ಕ್: ಹೊರೆಯೋ, ಅನುಕೂಲವೋ?

2021ರ ಜೂನ್‌ನಲ್ಲಿ ಕಡ್ಡಾಯ ಹಾಲ್‌ಮಾರ್ಕ್ ಹಂತಹಂತವಾಗಿ ಜಾರಿಗೆ ಬಂದಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆಯೂ ಅಗತ್ಯವಾಯಿತು. ಗುರುತಿಸಿದ್ದಕ್ಕಿಂತ ಶುದ್ಧತೆ ಕಡಿಮೆಯಿದ್ದಲ್ಲಿ, ಕೊರತೆಯ ಮೌಲ್ಯದ ಎರಡರಷ್ಟು ಪರಿಹಾರವನ್ನೂ ಪರೀಕ್ಷಾ ಶುಲ್ಕವನ್ನೂ ಗ್ರಾಹಕರಿಗೆ ಕೊಡಬೇಕೆಂದು 2018ರ ನಿಯಮಗಳು ಹೇಳುತ್ತವೆ. ಇದನ್ನು ಹೊರೆಯೆಂದು ಭಾವಿಸುವ ವರ್ತಕರಿದ್ದಾರೆ. ವಾಸ್ತವದಲ್ಲಿ ಇದರಿಂದ ಹೆಚ್ಚಿನ ಲಾಭ ಸಣ್ಣ ಮಳಿಗೆಗೇ. 916 ಗುರುತು ದೊಡ್ಡ ಮಳಿಗೆಯಲ್ಲಿಯೂ ಸಣ್ಣ ಮಳಿಗೆಯಲ್ಲಿಯೂ ಒಂದೇ ಅರ್ಥವನ್ನು ಕೊಡುತ್ತದೆ. ಚಿನ್ನದ ಶುದ್ಧತೆ ಸಮಾನವೆಂದಾದ ಮೇಲೆ ಗ್ರಾಹಕರು ಹೋಲಿಸುವುದು ಮಜೂರಿಯನ್ನು, ಸವಕಳಿಯನ್ನು ಮತ್ತು ಮಾರಾಟಾನಂತರದ ಸೇವೆಯನ್ನು. ಈ ಮೂರರಲ್ಲಿಯೂ ಬಡಾವಣೆಯ ವರ್ತಕನಿಗೆ ಸ್ಪರ್ಧಿಸುವ ಶಕ್ತಿಯಿದೆ.

ಆದುದರಿಂದ ಬಿಲ್ಲಿನಲ್ಲಿ ನಿವ್ವಳ ತೂಕ, ದರ, ಮಜೂರಿ, ಹರಳಿನ ಬೆಲೆ ಹಾಗೂ ತೆರಿಗೆಯನ್ನು ಪ್ರತ್ಯೇಕವಾಗಿ ತೋರಿಸುವುದು ಲೇಸು. ಉಚಿತವಾಗಿ ಮಾಡಿಕೊಟ್ಟ ಮೆರುಗು, ದುರಸ್ತಿಗಳನ್ನೂ ಗ್ರಾಹಕರ ಹೆಸರಿನಲ್ಲಿ ಬರೆದಿಡಬಹುದು. ತಂದೆಯ ನೆನಪಿನಲ್ಲಿದ್ದ ಗ್ರಾಹಕ ಸಂಬಂಧ ಮಗನ ಕೈಗೆ ತಾನಾಗಿ ಬರುವುದಿಲ್ಲ. ಪುಸ್ತಕದಲ್ಲಿ ಬರೆದದ್ದು ಬರುತ್ತದೆ.