ಬಾಗಿಲಲ್ಲಿ ನಿಂತವನದೇ ತಪ್ಪಾ?

ಬೆಳಗಿನ ಜಾವ. ಆಂಡರ್ಸನ್‌ಪೇಟೆಯ ಬೀದಿಗಳಲ್ಲಿ ಇನ್ನೂ ಕತ್ತಲು, ಆದರೆ ಮನೆಮನೆಯಲ್ಲೂ ಲೈಟು ಉರೀತಿರುತ್ತೆ. ಒಲೆ ಮೇಲೆ ಅನ್ನ, ಪಕ್ಕದಲ್ಲಿ ಟಿಫಿನ್ ಬಾಕ್ಸು. ಇನ್ನು ಸ್ವಲ್ಪ ಹೊತ್ತಿಗೆ ಇವರೆಲ್ಲ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ರೈಲು ಹತ್ತುತ್ತಾರೆ. ಬಂಗಾರಪೇಟೆ ದಾಟುವಷ್ಟರಲ್ಲಿ ಬೋಗಿಯೊಳಗೆ ಕಾಲಿಡೋಕೂ ಜಾಗ ಇರಲ್ಲ. ರಾತ್ರಿ ವಾಪಸ್ ಬರುವಾಗಲೂ ಅದೇ ನೂಕುನುಗ್ಗಲು.

ಒಂದು ಕಾಲದಲ್ಲಿ ಈ ಊರಿನ ಗಂಡಸರು ಕೆಲಸಕ್ಕೆ ಅಂತ ಭೂಮಿಯೊಳಗೆ ಇಳೀತಿದ್ರು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಂದ್ ಆಯ್ತು. ಆವತ್ತಿನಿಂದ ಕೆಜಿಎಫ್‌ಗೆ ಅನ್ನ ಕೊಡ್ತಿರೋದು ನೂರು ಕಿಲೋಮೀಟರ್ ಆಚೆಗಿರುವ ಬೆಂಗಳೂರು. ಅಲ್ಲಿಗೆ ಕರೆದೊಯ್ಯೋದು ಇದೇ ರೈಲು. ಗಣಿಯ ಅಪಾಯ ಹೋಯಿತು, ಹಳಿಯ ಅಪಾಯ ಬಂತು.

ಒಂದು ವರದಿಗಾಗಿ ಆಂಡರ್ಸನ್‌ಪೇಟೆಗೆ ಹೋಗಿದ್ದಾಗ ಒಬ್ಬರ ಮನೆಗೆ ಕರೆದುಕೊಂಡು ಹೋದರು. ಹೆಸರು ಬೇಡ. ವಯಸ್ಸು ನಲವತ್ತರ ಆಸುಪಾಸು. ತಾತ, ಅಪ್ಪ ಇಬ್ಬರೂ ಗಣಿಯಲ್ಲಿ ದುಡಿದವರು. ಇವರದು ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸ. ಕೆಲಸ ಮುಗಿಸಿ ಬರುವಾಗ ಬಾಗಿಲ ಹತ್ತಿರ ನಿಂತಿದ್ದರು, ಒಳಗಿನಿಂದ ಜನ ಒತ್ತಿದರು, ಕೈ ಜಾರಿತು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಗಲೇ ಹತ್ತು ತಿಂಗಳು ಕಳೆದಿತ್ತು.

ಪರಿಹಾರಕ್ಕೆ ಅರ್ಜಿ ಹಾಕಿದ್ರಾ ಅಂತ ಕೇಳಿದೆ.

"ಯಾರನ್ನ ಕೇಳೋದು ಸಾರ್? ಬಾಗಿಲಲ್ಲಿ ನಿಂತಿದ್ದು ನಾನೇ ಅಲ್ವಾ? ತಪ್ಪು ನಂದೇ" ಅಂದ್ರು. ಅವರ ಹೆಂಡತಿ ಮೆಲ್ಲಗೆ ಸೇರಿಸಿದರು: "ಪಾಸು ಇದ್ದ ಬ್ಯಾಗೂ ಹೋಯ್ತು ಸಾರ್. ಟಿಕೆಟ್ ಇಲ್ದೆ ಏನೂ ಸಿಗಲ್ಲ ಅಂದ್ರು."

ವೀಕ್ಷಕರೇ, ನಾನು ಇವತ್ತು ಮಾತಾಡಬೇಕು ಅಂತಿರೋದು ಈ ಎರಡು ಮಾತುಗಳ ಬಗ್ಗೆ. ತಪ್ಪು ನಂದೇ. ಟಿಕೆಟ್ ಇಲ್ಲ. ಎಷ್ಟೋ ಮನೆಗಳು ಈ ಎರಡು ಮಾತು ನಂಬಿಕೊಂಡೇ ಸುಮ್ಮನಾಗಿಬಿಡುತ್ತವೆ. ಎರಡಕ್ಕೂ ಕಾನೂನಿನಲ್ಲಿ ಉತ್ತರ ಇದೆ.

ಮೊದಲು ತಪ್ಪಿನ ವಿಷಯ. 1989ರ ರೈಲ್ವೆ ಕಾಯ್ದೆಗೆ 1994ರಲ್ಲಿ 124ಎ ಅನ್ನುವ ಕಲಂ ಸೇರಿತು. ಪ್ರಯಾಣಿಕ ಆಕಸ್ಮಿಕವಾಗಿ ರೈಲಿನಿಂದ ಬಿದ್ದು ಗಾಯಗೊಂಡರೆ ಅಥವಾ ಸತ್ತರೆ ರೈಲ್ವೆ ಪರಿಹಾರ ಕೊಡಬೇಕು. ರೈಲ್ವೆಯ ತಪ್ಪಿತ್ತಾ ಇಲ್ವಾ ಅನ್ನೋ ಪ್ರಶ್ನೆಯೇ ಇಲ್ಲಿ ಬರಲ್ಲ. ಪರಿಹಾರ ಇಲ್ಲ ಅನ್ನೋಕೆ ಕಾನೂನು ಕೊಟ್ಟಿರುವ ಕಾರಣಗಳು ಇವಿಷ್ಟೇ: ಆತ್ಮಹತ್ಯೆ ಅಥವಾ ಅದರ ಪ್ರಯತ್ನ, ತಾನಾಗಿ ಮಾಡಿಕೊಂಡ ಗಾಯ, ತನ್ನದೇ ಅಪರಾಧ ಕೃತ್ಯ, ಕುಡಿದ ಅಮಲು ಅಥವಾ ಬುದ್ಧಿಭ್ರಮಣೆಯಲ್ಲಿ ಆದದ್ದು, ಸಹಜ ಕಾಯಿಲೆ. ಅಜಾಗರೂಕತೆ ಅನ್ನುವ ಪದ ಈ ಪಟ್ಟಿಯಲ್ಲಿ ಇಲ್ಲ.

ಹಾಗಾದರೆ ಬಾಗಿಲಲ್ಲಿ ನಿಂತರೆ? ಇದೇ ಪ್ರಶ್ನೆ 2010ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು, ಜಮೀಲಾ ಪ್ರಕರಣದಲ್ಲಿ. ತೆರೆದ ಬಾಗಿಲ ಬಳಿ ನಿಂತಿದ್ದ, ಬಿದ್ದ, ಅದು ಅವನದೇ ನಿರ್ಲಕ್ಷ್ಯ ಅಂತ ಹೈಕೋರ್ಟು ಪರಿಹಾರ ನಿರಾಕರಿಸಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಿರ್ಲಕ್ಷ್ಯ ಇರಬಹುದು, ಆದರೆ ಅದು ಅಪರಾಧ ಕೃತ್ಯ ಆಗೋದಿಲ್ಲ, ಆ ಕುಟುಂಬಕ್ಕೆ ಪರಿಹಾರ ಸಲ್ಲಬೇಕು ಅಂತು. ಅದಕ್ಕೂ ಮೊದಲು, 2008ರಲ್ಲಿ, ಕೇರಳದ ವರ್ಕಲಾ ಸ್ಟೇಷನ್ನಿನಲ್ಲಿ ರೈಲು ಹತ್ತಲು ಹೋಗಿ ಬಿದ್ದು ಸತ್ತ ಹೆಣ್ಣುಮಗಳ ಪ್ರಕರಣದಲ್ಲೂ ಇದೇ ದಾರಿ. ಹತ್ತುವಾಗ ಬಿದ್ದರೂ ಅದು ರೈಲಿನಿಂದ ಬಿದ್ದ ಹಾಗೇ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ. ಹಳಿ ದಾಟುವಾಗ ರೈಲು ಬಡಿದರೆ ಈ ಕಲಂ ಅನ್ವಯಿಸಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ಮೊದಲ ದಿನ ಏನು ಬರೆಸುತ್ತೀರಿ ಅನ್ನೋದು ಬಹಳ ದೊಡ್ಡ ವಿಷಯ. ಗಾಬರಿಯಲ್ಲಿ ಯಾರೋ "ಟ್ರ್ಯಾಕ್ ಹತ್ರ ಬಿದ್ದಿದ್ರು" ಅಂತಾರೆ, ದಾಖಲೆಯಲ್ಲಿ "ಹಳಿ ದಾಟುವಾಗ" ಅಂತಾಗಿಬಿಡುತ್ತೆ. ಆಮೇಲೆ ಆ ಒಂದು ಸಾಲನ್ನು ತಿದ್ದಿಸೋಕೆ ವರ್ಷಗಟ್ಟಲೆ ಗುದ್ದಾಡಬೇಕು. ನಿಜವಾಗಿ ಆದದ್ದನ್ನೇ ಹೇಳಿ: ಯಾವ ರೈಲು, ಎಲ್ಲಿಂದ ಎಲ್ಲಿಗೆ, ಎಲ್ಲಿ ಬಿದ್ದದ್ದು.

ಈಗ ಟಿಕೆಟ್ ವಿಷಯ. ಕಾಲು ತುಂಡಾದ ಮನುಷ್ಯ ಜೇಬು ತಡಕಿಕೊಂಡು ಟಿಕೆಟ್ ಜೋಪಾನ ಮಾಡ್ತಾನಾ? 2018ರ ಮೇ 9ರಂದು ರೀನಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಟಿಕೆಟ್ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವರು ಪ್ರಯಾಣಿಕರೇ ಅಲ್ಲ ಅನ್ನುವಂತಿಲ್ಲ. ಅರ್ಜಿದಾರರು ಆದದ್ದನ್ನೆಲ್ಲ ಹೇಳಿ ಅಫಿಡವಿಟ್ ಹಾಕಬೇಕು. ಅಲ್ಲಿಗೆ ಅವರ ಮೊದಲ ಹೊಣೆ ಮುಗಿಯಿತು. ಅದು ಸುಳ್ಳು ಅಂತ ತೋರಿಸುವ ಭಾರ ರೈಲ್ವೆ ಮೇಲೆ. ಹಾಗಂತ ಅಫಿಡವಿಟ್ ಕೊಟ್ಟ ಕೂಡಲೇ ಹಣ ಬರುತ್ತೆ ಅಂತಲ್ಲ. ಹಳಿ ಪಕ್ಕದಲ್ಲಿ ಸಿಕ್ಕಿದ ಮಾತ್ರಕ್ಕೆ ಪ್ರಯಾಣಿಕ ಅಂತ ತೀರ್ಮಾನಿಸೋಕೂ ಆಗಲ್ಲ ಅಂತ ಅದೇ ತೀರ್ಪು ಹೇಳುತ್ತೆ. ಅದಕ್ಕೆ ಪೂರಕ ಸಾಕ್ಷಿ ಬೇಕು. ದಿನಾ ಜೊತೆಗೆ ಬರುವ ಸ್ನೇಹಿತರು, ಕೆಲಸದ ಜಾಗದ ಹಾಜರಿ, ಪಾಸಿಗೆ ಫೋನಿನಲ್ಲಿ ದುಡ್ಡು ಕಟ್ಟಿದ್ದರೆ ಅದರ ದಾಖಲೆ, ಹಳೆಯ ಪಾಸುಗಳು. ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಸೀಸನ್ ಪಾಸಿನ ಫೋಟೋ ತೆಗೆದು ಮನೆಯವರ ಫೋನಿಗೆ ಕಳಿಸಿ.

ಹಾಗಾದರೆ ಹೋಗೋದು ಎಲ್ಲಿಗೆ? ಮೊದಲು ರೈಲ್ವೆ ಪೊಲೀಸರು. ಅವರ ದೂರಿನ ಪ್ರತಿ, ಸ್ಟೇಷನ್ ಮಾಸ್ಟರ್ ಕೊಟ್ಟ ಮೆಮೋ, ಆಸ್ಪತ್ರೆಯ ದಾಖಲೆ, ಡಿಸ್ಚಾರ್ಜ್ ಸಮ್ಮರಿ, ಅಂಗವೈಕಲ್ಯ ಪ್ರಮಾಣಪತ್ರ, ಸಾವಾಗಿದ್ದರೆ ಮರಣೋತ್ತರ ಪರೀಕ್ಷೆಯ ವರದಿ. ಇದೆಲ್ಲ ಒಂದು ಫೈಲಿನಲ್ಲಿರಲಿ. ಅರ್ಜಿ ಹೋಗಬೇಕಾದ್ದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ. ನಮ್ಮವರಿಗೆ ಬೆಂಗಳೂರಿನಲ್ಲೇ ಪೀಠ ಇದೆ. ಗಡುವು, ಘಟನೆ ನಡೆದು ಒಂದು ವರ್ಷ. ತಡವಾದರೆ ಸರಿಯಾದ ಕಾರಣ ತೋರಿಸಿ ಕ್ಷಮೆ ಕೇಳಬಹುದು, ಆದರೆ ಅದನ್ನು ನಂಬಿಕೊಂಡು ಕೂರಬೇಡಿ.

ಎಷ್ಟು ಸಿಗುತ್ತೆ? ಸಂಬಳ ನೋಡಿ ಲೆಕ್ಕ ಹಾಕೋದಲ್ಲ ಇದು. ನಿಯಮಗಳಲ್ಲೇ ಪಟ್ಟಿ ಇದೆ. 2017ರ ಜನವರಿ 1ರಿಂದ ಸಾವಿಗೆ 8 ಲಕ್ಷ. ಗಾಯಕ್ಕೆ, ಅದು ಎಂಥದ್ದು ಅನ್ನೋದರ ಮೇಲೆ, 64 ಸಾವಿರದಿಂದ 8 ಲಕ್ಷದವರೆಗೆ.

ರಸ್ತೆಯಲ್ಲಿ ಅಪಘಾತ ಆದರೆ ದಾರಿಯೇ ಬೇರೆ, ಎರಡನ್ನೂ ಬೆರೆಸಬೇಡಿ. ಅದು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತೆ. ಪೂರ್ತಿ ಪರಿಹಾರ ಬೇಕಂದ್ರೆ ಎದುರಿನ ವಾಹನದ ತಪ್ಪು ತೋರಿಸಬೇಕು, ವಯಸ್ಸು, ಆದಾಯ ನೋಡಿ ಲೆಕ್ಕ ಹಾಕ್ತಾರೆ. 2019ರ ತಿದ್ದುಪಡಿಯಲ್ಲಿ ಅದಕ್ಕೆ ಆರೇ ತಿಂಗಳ ಗಡುವು ಬಂತು. ಆ ಗಡುವಿನ ವಿರುದ್ಧ ಕೇಸುಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಅದೇನೇ ಇರಲಿ, ನೀವು ಆರು ತಿಂಗಳೊಳಗೆ ಹಾಕಿಬಿಡಿ.

ಕೊನೆಯದು, ವಕೀಲರ ವಿಷಯ. ಆಸ್ಪತ್ರೆ ಬಾಗಿಲಿಗೇ ಬಂದು ಖಾಲಿ ಪೇಪರಿಗೆ ಸಹಿ ಕೇಳುವವರಿದ್ದಾರೆ. ಬಿಹಾರದಲ್ಲಿ ಇಂಥ ರೈಲ್ವೆ ಪರಿಹಾರದ ಹಣವನ್ನು ವಕೀಲರೇ ನುಂಗಿದರು ಅನ್ನುವ ಹಗರಣ ಇ.ಡಿ. ತನಿಖೆವರೆಗೂ ಹೋಗಿದೆ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಬೇಡ. ಹಣ ನಿಮ್ಮ ಖಾತೆಗೇ ಬರಬೇಕು, ಪಾಸ್‌ಬುಕ್ಕು ನಿಮ್ಮ ಕೈಯಲ್ಲೇ ಇರಬೇಕು. ವಕೀಲರಿಗೆ ಕೊಡಲು ದುಡ್ಡಿಲ್ವಾ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಇವರಿಗೆಲ್ಲ ಉಚಿತ ವಕೀಲರ ಹಕ್ಕಿದೆ. 15100ಕ್ಕೆ ಫೋನ್ ಮಾಡಿ, ಇಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ.

ಆವತ್ತು ಆ ಮನೆಯಲ್ಲಿ ಇಷ್ಟನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ಸಾರ್, ನಾನು ಭಿಕ್ಷೆ ಕೇಳ್ದಂಗೆ ಆಗಲ್ಲ ತಾನೇ?"

ಆಗಲ್ಲ. ಗಣಿಯಲ್ಲಿ ಪೆಟ್ಟು ಬಿದ್ದಾಗ ಅವರ ತಾತ ಪರಿಹಾರ ಕೇಳಿದ್ದರೆ ಅದು ಭಿಕ್ಷೆ ಆಗ್ತಿರಲಿಲ್ಲ. ಇದೂ ಅಷ್ಟೇ. ಪಾಸಿಗೆ ದುಡ್ಡು ಕಟ್ಟಿ ರೈಲು ಹತ್ತಿದವರ ಹಕ್ಕು ಇದು. ನಾನು ಹೊರಟಾಗ ಅವರ ಹೆಂಡತಿ ಟ್ರಂಕು ತೆಗೆದು ಹಳೇ ಪಾಸುಗಳನ್ನು ಹುಡುಕ್ತಾ ಇದ್ದರು. ಗಡುವಿಗೆ ಇನ್ನು ಎರಡು ತಿಂಗಳು ಉಳಿದಿತ್ತು. ನಿಮ್ಮ ಬೀದಿಯಲ್ಲಿ ಇಂಥವರು ಯಾರಾದರೂ ಇದ್ದರೆ, ಘಟನೆ ಆಗಿ ಎಷ್ಟು ದಿನ ಆಯ್ತು ಅಂತ ಮೊದಲು ಕೇಳಿ.